ಹಸಿ

ಕರೆಂಟು ಮೀಟರಿನ ಪೆಟ್ಟಿಗೆ ಕೆಳಗೆ
ಮೊದಲು ಕಂಡದ್ದು ಅವಳ ಕೈಕೆಲಸ.
ಗೋಲಿಯಷ್ಟು ಹೊಟ್ಟೆ, ಸಾಸಿವೆ ಹಿಡಿಸುವ ಕತ್ತು,
ಕತ್ತಿಗೊಂದು ಹೊರಮಡಿಸಿದ ತುಟಿ.
ತಿಗರಿಯಿಲ್ಲ, ಹಲಗೆಯಿಲ್ಲ, ಒದ್ದೆ ಬಟ್ಟೆಯಿಲ್ಲ.
ನೂಲುಸೊಂಟದ ಕುಂಬಾರ ಕಣಜ,
ನಲ್ಲಿ ಕೆಳಗಿನ ಕೆಸರನ್ನು ಉಂಡೆ ಕಟ್ಟಿ ತಂದು
ನನ್ನ ಕಡೆ ಬೆನ್ನು ಹಾಕಿ ಕೂತಿದ್ದಳು,
ಕಲಿಸಲು ಇಷ್ಟವಿಲ್ಲದ ಮೇಷ್ಟರ ಹಾಗೆ.

ನಾನೂ ಕುಂಬಾರರವಳೇ. ಬಿ.ಎಫ್.ಎ. ಮುಗಿಸಿದವಳು.
ತಾತ ಮುನಿಶೆಟ್ಟಿಯ ತಿಗರಿ ಅಟ್ಟದ ಮೇಲಿದೆ,
ಅದರ ಮೇಲೆ ಹರಿದ ಚಂದ್ರಿಕೆ, ಅದರ ಮೇಲೆ ಧೂಳು.
ಚಕ್ರಕ್ಕೆ ಗೊತ್ತಿರೋದು ಗುಂಡಗಿನದೊಂದೇ.
ಹೊಂಗೆಕಾಯಿಯ ಸೊಟ್ಟ ಬೆನ್ನು,
ಹುತ್ತ ಒಂದು ಕಡೆಗೆ ವಾಲುವ ರೀತಿ,
ಅತ್ತಿಹಣ್ಣು ಒಳಮುಖವಾಗಿ ಹೂಬಿಡುವ ಗುಟ್ಟು,
ಇವಕ್ಕೆ ಬೆರಳೇ ಬೇಕು, ಚಿವುಟಬೇಕು,
ಉಗುರಿನ ಗುರುತು ಉಳಿದರೂ ಉಳಿಯಲಿ.

ಅವಳ ನಕಲಿಗೇ ಎರಡು ವರ್ಷ ಹೋಯಿತು.
ಒಣಗುವಾಗ ಸೀಳಿದವೆಷ್ಟು, ಸುಡುವಾಗ ಸಿಡಿದವೆಷ್ಟು.
ಉಳಿದವನ್ನು ನೋಡಿ ಕೊಳ್ಳೋರು ಕೇಳಿದರು,
ಹೂವೆಲ್ಲಿ ಇಡೋದು ಮೇಡಂ?
ಅಮ್ಮ ಕೇಳಿದಳು,
ನೀರು ನಿಲ್ಲದ್ದನ್ನ ಯಾರಾದ್ರೂ ಮಡಕೆ ಅಂತಾರೇನೆ?

ಆಮೇಲೆ ನಂದಿ ಕಡೆಯ ರೆಸಾರ್ಟಿನ ಗೋಡೆಗೆ
ಇಪ್ಪತ್ತೊಂದು ಗೂಡು ಬೇಕೆಂದರು.
ಅಮಾನಿಕೆರೆಯ ಮಣ್ಣು ತಂದು, ಕೊಳೆಸಿ, ಸೋಸಿ,
ಮಾಘ ಪೂರ್ತಿ ಚಿವುಟಿದೆ.
ಗೂಡೊಲೆಗೆ ತುಂಬುವ ದಿನ ಒಂದೊಂದೇ ಎತ್ತಿಕೊಂಡಾಗ
ಹತ್ತೊಂಬತ್ತನೆಯದರ ಮಡಿಕೆಯಲ್ಲಿ
ನಾನು ಮಾಡದ ಒಂದು ಉಬ್ಬು.
ಬಣ್ಣ ಬೇರೆಯಲ್ಲ. ನನ್ನ ತೊಟ್ಟಿಯಿಂದಲೇ ಕದ್ದಿದ್ದಾಳೆ.
ಬಾಯಿ ಮುಚ್ಚಿ ಹೋಗಿದ್ದಾಳೆ.
ಒಳಗೆ, ಪುಸ್ತಕದಲ್ಲಿ ಓದಿದ ಹಾಗೆ,
ಮರಗಟ್ಟಿದ ಹಸಿರು ಹುಳಗಳು ಐದೋ ಆರೋ,
ಮೇಲಿಂದ ಎಳೆಯಲ್ಲಿ ತೂಗುವ ಒಂದು ಮೊಟ್ಟೆ.

ಕೆರೆದು ತೆಗೆದರೆ ಎರಡು ನಿಮಿಷದ ಕೆಲಸ.
ಚಾಕು ತಂದೆ.

ಗೋಡೆಯಾಚೆ ಷಾಹಿದಾ ಆಪಾ ಹಂಡೆ ಇಟ್ಟಿದ್ದಳು.
ಕುದಿನೀರಲ್ಲಿ ಗೂಡುಗಳು ತಿರುಗುವ ಸದ್ದು,
ಬೆಂದ ಹುಳದ ಆ ವಾಸನೆ,
ಶಿಡ್ಲಘಟ್ಟದಲ್ಲಿ ಹುಟ್ಟಿದೋರಿಗೆ ಅದು ವಾಸನೆಯೇ ಅಲ್ಲ.
ಅಮ್ಮ ಹದಿನೇಳು ವರ್ಷ ಅದೇ ಹಂಡೆಯ ಮುಂದೆ ಎಳೆ ತೆಗೆದಳು.
ನನ್ನ ಕಾಲೇಜಿನ ಫೀಜು ಅಲ್ಲೇ ಬೆಂದು ಬಂದದ್ದು.
ಈ ಊರಲ್ಲಿ ಗೂಡೊಳಗಿನ ಜೀವದ ಮಾತು
ನನ್ನ ಬಾಯಲ್ಲಿ ಬರಬಾರದು. ಬರಲೂ ಇಲ್ಲ.
ಚಾಕು ಹಿಡಿದು ಸುಮ್ಮನೆ ನಿಂತಿದ್ದೆ, ಅಷ್ಟೆ.

ಹಾಲು ಕೇಳಲು ಬಂದ ಆಪಾ ನೋಡಿದಳು.
ಸುಡು ಸುಡು, ಹುಳ ತಾನೆ, ಅಂದಳು.
ಮತ್ತೆ ನೀರಲ್ಲಿ ನೆಂದು ಸುಕ್ಕಾದ ಬೆರಳಲ್ಲಿ
ಅದನ್ನ ಬೆಳಕಿಗೆ ತಿರುಗಿಸಿ
ನಿನ್ನದಕ್ಕಿಂತ ಇದೇ ಚೆಂದ ಇದೆಯಲ್ಲೇ, ಅಂದಳು.

ಇಪ್ಪತ್ತನ್ನು ಸುಟ್ಟೆ.
ರೆಸಾರ್ಟಿನವರು ಫೋಟೊ ಕಳಿಸಿದರು: ಗೋಡೆಯಲ್ಲಿ ಖಾಲಿ ಮೊಳೆ.
ಒಂದರ ದುಡ್ಡು ಹಿಡಿದುಕೊಂಡರು.
ಮೊಳೆ ಮಾತ್ರ ಕೀಳಲಿಲ್ಲವಂತೆ,
ಬಂದವರು ಅದನ್ನೇ ಹೆಚ್ಚು ಹೊತ್ತು ನೋಡ್ತಾರಂತೆ.

ಹಸಿಯದು ಕಿಟಕಿಯಲ್ಲಿ ಉಳಿಯಿತು.
ದಿನಾ ನೋಡುತ್ತಿದ್ದೆ. ನೋಡದ ಒಂದು ಮಧ್ಯಾಹ್ನ,
ಬ್ಯಾಂಕಿನ ಸಾಲಲ್ಲಿ ನಾನು ಟೋಕನ್ ಹಿಡಿದು ನಿಂತಿದ್ದಾಗ,
ಅದು ಹೊರಟುಹೋಗಿತ್ತು.
ತಾಯಿ ಮಾಡಿದ ಬಾಯಿಂದಲ್ಲ,
ಪಕ್ಕದಿಂದ, ತಾನೇ ಕೊರೆದ ತೂತಿಂದ.
ಕಿರುಬೆರಳು ಇಟ್ಟು ನೋಡಿದೆ. ಹೋಗಲಿಲ್ಲ.

ಇನ್ನು ಸುಡಬಹುದಿತ್ತು. ಮನಸಾಗಲಿಲ್ಲ.
ಸಂಜೆ ತೊಟ್ಟಿಯ ನೀರಿಗೆ ಬಿಟ್ಟೆ,
ಮಣ್ಣು ಮಣ್ಣಿಗೆ ಸೇರಲೆಂದು.
ನನ್ನದು, ಆ ಎಲ್ಲ ಚಿವುಟುಗಳ ಸಮೇತ,
ಅರ್ಧ ಗಂಟೆಯಲ್ಲಿ ಉಸಿರು ಬಿಟ್ಟು ಕುಸಿಯಿತು.
ಅವಳ ಎಂಜಲು ಬೆರೆತದ್ದು
ಬೆಳಿಗ್ಗೆ ಕೈ ಹಾಕಿ ತಡವಿದಾಗಲೂ
ತಳದಲ್ಲಿ ಗಟ್ಟಿಯಾಗಿ ಸಿಕ್ಕಿತು.