ಕೊನೆಯ ಕಾಮಾ

ಪಾಂಡವಪುರ. ರಾತ್ರಿ ಎರಡೂಕಾಲು.
ತೂಕದ ಕಾಟಾ ಮೇಲೆ ನಿಂತೇ ಇದೆ ಕಬ್ಬಿನ ಲಾರಿ,
ಅದರ ಹಿಂದೆ ನಾಲೆ ಏರಿಯವರೆಗೂ ದೀಪಗಳು.

ಡಿಸ್ಕಿನಲ್ಲಿ ಒಂದು ಕಿಲೋ ಕಳೆದಿಲ್ಲ;
ಯಾವುದು ಎಲ್ಲಿದೆ ಅನ್ನೋ ಕಂಟ್ರೋಲ್ ಫೈಲು ಮಾತ್ರ ಹೋಗಿದೆ.
ಮತ್ತೆ ಕಟ್ಟಲು ಕೂತಿದ್ದೇನೆ:
ಸ್ಕ್ರಿಪ್ಟು ಓಡಿಸಿದರೆ ಎರರ್,
ತಿದ್ದಿದರೆ ಇನ್ನೊಂದು.

ನಡುವೆ ಖಾಲಿ ಸಾಲಿತ್ತು, ಅಳಿಸಿದೆ.
ಆರನೇ ಫೈಲಿನ ಹೆಸರಾದ ಮೇಲೆ ಒಂದು ಕಾಮಾ,
ಮುಂದೆ ಏನೂ ಇಲ್ಲ.
ಅದನ್ನೂ ಅಳಿಸಲು ಬೆರಳಿಟ್ಟೆ.

‘ಏಳಲ್ವಾ ಮೇಡಂ?’ ಅಂದರು ಜವರಯ್ಯ,
ಟೀ ಲೋಟ ಕಿಟಕಿಯಲ್ಲಿಟ್ಟು.
ಹೋದ ಶ್ರಾವಣ ಜಾಗ ಸಾಲದೆ ಸೇರಿಸಿದ್ದಂತೆ;
ಗೋಡೆಯಿಂದ ತೆಗೆಯದ ಹಳೇ ಕ್ಯಾಲೆಂಡರಲ್ಲಿ
ಮೊಮ್ಮಗಳ ನಾಮಕರಣದ ಪಕ್ಕ
ಬರೆದಿತ್ತು ಹೆಸರು, ದಾರಿ ಸಮೇತ.

ಕಾಮಾ ಸರಿಯಾಗೇ ಇತ್ತು.
ಕಾಯುತ್ತಿತ್ತು.

ಮೊದಲ ಲಾರಿ ತೂಗಿತು:
ಹದಿನೆಂಟು ಟನ್ನು ಚಿಲ್ಲರೆ,
ಮೇಲೆ ಬಿದ್ದ ಇಬ್ಬನಿಯೂ ಸೇರಿ.