ಕ್ಲಚ್ ತುಳಿಬ್ಯಾಡ

ಓಡೂ ಹೊತ್ನ್ಯಾಗ ಎಲ್ಲಾ ಬರೋಬ್ಬರಿ ಐತ್ರಿ,
ನಿಂತಾಗಷ್ಟ ಮುಳ್ಳು ಮಲಕೋತೈತಿ,
ಅಂದ್ರು ಹಲ್ಲಿನ ಡಾಕ್ಟರ್ ನವಲೂರಮಠ,
ಕಿಸೆದಿಂದ ಸಣ್ಣ ವಹಿ ತಗದು:
ರಾಯಾಪುರ ಸಿಗ್ನಲ್, ಹನ್ನೆರಡು.
ಉಣಕಲ್ ಕೆರಿ ಮುಂದ, ಒಂಬತ್ತು.
ಹೊಸೂರಿನ್ಯಾಗ ಎಮ್ಮಿ ಅಡ್ಡ ಬಂದಾಗ, ಆರು.

ಗೌಸುದ್ದೀನ ಉಸ್ತಾದ್ರು ವಹಿ ನೋಡಲಿಲ್ಲ.
ಬಾನೆಟ್ ಮ್ಯಾಲೆ ಅಂಗೈ ಹಿಡದು ನಿಂತ್ರು,
ರೊಟ್ಟಿ ಹಂಚಿನ ಕಾವು ನೋಡಾವರಂಗ.
ಮೂವತ್ತೊಂದು ವರ್ಷ ಬಸ್ ಡಿಪೋದಾಗ
ಡೀಸೆಲ್ ಕುಡದ ಕಿವಿ ಅವರದು.
ಇದು ಬ್ಯಾರೇನ ಜಾತಿ. ಪಿಸ್ಟನ್ನ ಇಲ್ಲ.
ಶೇಂಗಾಕಾಯಿ ಆಕಾರದ ಗೂಡು,
ಒಳಗ ಮೂರು ಮೂಲಿಯ ಬೀಜ
ಗೋಡಿ ಸವರಿಕೋಂತ ಗಿರಗಿರ ಸುತ್ತತೈತಿ.
ವಾಸ್ಕೋದ ಹಡಗಿನ ಕಪ್ತಾನ ಮಾರಿದ ಗಾಡಿ;
ಅದರ ಪುಸ್ತಕ ಜಪಾನಿ ಅಕ್ಷರದ್ದು,
ನಾವು ಚಿತ್ರ ಓದತೀವಿ.

ಮೊದಲ ಮುಳ್ಳಿನ ಮ್ಯಾಲೆ ಸಂಶೇ ಪಡು, ಅಂದ್ರು.
ಸೆಂಡರ್ ಬಿಚ್ಚಿ, ಬಸ್ಸಿನ ಹಿತ್ತಾಳಿ ಗೇಜು ಕೂಡಿಸಿದಿವಿ.
ಅದೂ ಒಂಬತ್ತು ಅಂತು.
ಮುಳ್ಳು ಸುಳ್ಳಾಡಿರಲಿಲ್ಲ.

ಎಣ್ಣಿ ಬೆರಳಿಗೆ ಒರಸಿ ಮೂಸಿದ್ರು, ನನಗೂ ಮೂಸಿಸಿದ್ರು.
ಪೆಟ್ರೋಲ್ ವಾಸನಿ ಇತ್ತು ಖರೆ,
ಆದರ ಉಸ್ತಾದ್ರ ಬೆರಳಿಗೆ ಅದು ಹುಟ್ಟಾ ಬಂದದ್ದು.
ಹಳೇದು ಬಸದು ದಪ್ಪ ಎಣ್ಣಿ ಹಾಕಿದಿವಿ.
ಮುಂಜಾನೆ ಥಂಡ್ಯಾಗ ಐವತ್ತು!
ಗೋಕುಲ ರೋಡ್ ಸುತ್ತಿ ಬಂದು ನಿಂದರಿಸಿದರ
ಮತ್ತ ಹತ್ತು.

ಬೇರಿಂಗ್ ಹೋಗಿರಬೇಕೇನ್ರಿ? ಡಾಕ್ಟರ್ ದನಿ ಇಳೀತು.
ಹೋಗಿರಬಹುದು. ಆದರ ಬಿಚ್ಚೂದು ಕಡೀಗೆ.
ನೀವು ಬಂದವರಿಗೆಲ್ಲಾ ಮೊದಲ ಹಲ್ಲು ಕೀಳತೀರೇನ್ರಿ?

ಮೂರನೇ ದಿನ ಉಸ್ತಾದ್ರ ಉಗುರು
ಒಂದು ಚಿತ್ರದ ಮ್ಯಾಲೆ ನಿಂತು ಬಿಡ್ತು.
ಶಾಫ್ಟಿನ ಮೂಗಿನೊಳಗ ಬೆರಳ ಗಿಣ್ಣಿನಷ್ಟು ಒಂದು ಗುಂಡು,
ಹೊಟ್ಟಿ ತುಂಬ ಮೇಣ.
ಕಾವು ಏರಿದಂಗ ಮೇಣ ಹಿಗ್ಗಿ ಕಿಂಡಿ ಮುಚ್ಚಬೇಕು.
ಮುಚ್ಚದಿದ್ದರ ಎಣ್ಣಿ ಒಳಗಿಂದೊಳಗ ಸೋರಿ ಹೋಗತೈತಿ,
ನೆಲಕ್ಕ ಒಂದು ಹನಿ ಬೀಳೂದಿಲ್ಲ.

ಏ ಸಾವಂತ್ರಿ, ಒಳಗ ಕುಂಡ್ರು.
ಗೇರ್‌ನ್ಯಾಗ ಇರಲಿ, ಬ್ರೇಕ್ ಬಿಗಿ ಹಿಡಿ,
ಕ್ಲಚ್ ತುಳಿಬ್ಯಾಡ.
ತುಳದೆಂದರ ಶಾಫ್ಟ್ ಸರದು ಒಳಗಿನ ಬಿಲ್ಲಿ ಜಾರತೈತಿ,
ಆಮ್ಯಾಲೆ ಇಂಜಿನ್ನ ಇಳಸಬೇಕಾಗತೈತಿ.

ನಂದು ಕುಂದಗೋಳದ ಎರಿಹೊಲದಾಗ
ಟ್ರ್ಯಾಕ್ಟರ್ ಹೊಡದ ಎಡಗಾಲು.
ಗೇರ್ ಅಂದರ ಸಾಕು, ಕೇಳದ ತುಳೀತೈತಿ.
ಅದನ್ನ ಮಡಚಿ ಸೀಟಿನ ಮ್ಯಾಲೆ ಇಟಗೊಂಡೆ,
ಊಟಕ್ಕ ಕುಂತಾಕಿಯಂಗ.
ಹೊರಗ ಪಾನಾಕ್ಕ ಮಾರುದ್ದ ಪೈಪ್ ಸಿಗಿಸಿ
ಉಸ್ತಾದ್ರು ಜೋತುಬಿದ್ರು.
ಬಂಕಾಪುರ ಚೌಕದ ಹಾರನ್ ಒಂದೂ ನನಗ ಕೇಳಲಿಲ್ಲ.
ಕಟ್, ಅಂತು ಬೋಲ್ಟ್.
ನಾ ಉಸುರು ಬಿಡಲಿಲ್ಲ; ಅದೂ ಒಂದು ಪೆಡಲ್ ಅನಿಸಿತ್ತು.

ಗುಂಡು ಒಯ್ದು ಚಹಾದಂಗಡಿಗೆ ಕೊಟ್ಟರ
ನನ್ನ ಹಾಲಿನ್ಯಾಗ ಬಿಡಬ್ಯಾಡ್ರೋ ಅಂತ ಒದರಿದ ಮಾರ್ತಾಂಡ,
ಬ್ಯಾರೆ ಬೋಗಾಣಿದಾಗ ನೀರು ಕುದಿಸಿಕೊಟ್ಟ.
ಐದು ನಿಮಿಷ ಕುದೀತು.
ವರ್ನಿಯರ್ ಹಿಡದು ನೋಡಿದಿವಿ: ಹಾಕಿದಾಗ ಎಷ್ಟೋ ಅಷ್ಟ.
ಕೂದಲೆಳಿಯಷ್ಟೂ ಹಿಗ್ಗಿರಲಿಲ್ಲ.

ಹೊಸದು ಜಪಾನದಿಂದ ಬರಾಕ ಎರಡು ತಿಂಗಳು.
ಬೆಟಗೇರಿಯ ಲೇತಿನ ಪತ್ತಾರ ಅಜ್ಜ
ಅಳತಿ ನೋಡಿ, ಎದಕ್ಕ ಅಂತ ಕೇಳದ
ಗಟ್ಟಿ ಉಕ್ಕಿನ ಬಿರಡಿ ಕಡದು ಕೊಟ್ಟ.
ಎಂಬತ್ತು ರೂಪಾಯಿ.
ಹಿಗ್ಗೂದಿಲ್ಲ, ಕುಗ್ಗೂದಿಲ್ಲ,
ಥಂಡ್ಯಾಗೂ ಕಿಂಡಿ ಮುಚ್ಚೇ ಇರತೈತಿ.
ಇದು ರಿಪೇರಿ ಅಲ್ಲ, ತಡೀಗೆ ಒಂದು ಹಾದಿ, ಅಂದ್ರು ಉಸ್ತಾದ್ರು,
ಬಿಲ್ಲಿನ್ಯಾಗೂ ಹಂಗ ಬರಿಸಿದ್ರು.

ಮಧ್ಯಾಹ್ನದ ಬಿಸಲಾಗ ಒಂದು ತಾಸು ಓಡಿಸಿ ತಂದು
ಗ್ಯಾರೇಜ್ ಮುಂದ ನಿಂದರಿಸಿದಿವಿ.
ಮುಳ್ಳು ಇಳೀತು, ಇಳೀತು,
ಇಪ್ಪತ್ತಾರಕ್ಕ ಬಂದು ಕುಂತಿತು.
ಡಾಕ್ಟರ್ರು ವಹಿ ತಗದು ಬರಕೊಂಡ್ರು,
ಮತ್ತ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಬರಕೊಂಡ್ರು.

ರಾತ್ರಿ ಕುಂದಗೋಳದ ಕಡೇ ಬಸ್ಸು.
ಡ್ರೈವರ್ ಹಿಂದಿನ ಸೀಟು.
ಅವ ಕ್ಲಚ್ ತುಳದಾಗೊಮ್ಮೆ
ನನ್ನ ಎಡಗಾಲು ಹಿಂದ ಸರೀತಿತ್ತು.