ಬಾಗಿಲು ಮುಚ್ಚುವ ಗುಂಡಿ

ಮನಾಮದ ಲಿಫ್ಟುಗಳನ್ನು
ಹನ್ನೊಂದು ವರ್ಷ ಬಿಚ್ಚಿ ಕಟ್ಟಿದವನು ಹೇಳುತ್ತಿದ್ದೇನೆ:
ಬಾಗಿಲು ಮುಚ್ಚುವ ಗುಂಡಿಯ ಹಿಂದೆ
ಎಷ್ಟೋ ಕಡೆ ತಂತಿಯೇ ಇರುವುದಿಲ್ಲ.
ಜನ ಒತ್ತುತ್ತಾರೆ. ಬಾಗಿಲು ತನ್ನ ಹೊತ್ತಿಗೆ ಮುಚ್ಚುತ್ತದೆ.
ತಾವೇ ಮುಚ್ಚಿಸಿದೆವೆಂದುಕೊಂಡು ಮೇಲೆ ಹೋಗುತ್ತಾರೆ.

ವಲೇರಿಯನ್ ರಜೆಗೆ ಕಿನ್ನಿಗೋಳಿಗೆ ಹೊರಟಾಗ
ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ನನ್ನ ಮಂಚಕ್ಕೆ ಎಸೆದ:
“ಕತೆಯ ಆಟ ಮಾರಾಯ, ಗುಂಡು ಹೊಡೆಯಲಿಕ್ಕಿಲ್ಲ.
ಎರಡೇ ಗಂಟೆ. ಒಂದೂವರೆ ದಿನಾರು ದಂಡ.”

ರಾತ್ರಿ ಪಾಳಿಯವನಿಗೆ ಎರಡು ಗಂಟೆ ದಂಡವಲ್ಲ.
ಫೋನು ಬಡಿದುಕೊಳ್ಳುವ ಮೊದಲು ಮುಗಿಯುವಂಥದ್ದು
ನನ್ನ ಹತ್ತಿರ ಇನ್ನೇನಿದೆ?
ಹಲ್ಲುನೋವಿಗೆ ಮೂರು ವರ್ಷ.
ಚೀಟಿ ಇನ್ನೂ ಮೂವತ್ತೊಂದು ಕಂತು.

ಆಟದಲ್ಲಿ ಒಬ್ಬಳು ಹುಡುಗಿ. ತೀರಿಹೋದ ಸೋದರಮಾವನ
ಗಡಿಯಾರದಂಗಡಿ ಖಾಲಿ ಮಾಡಲು ನಡುಗಡ್ಡೆಗೆ ಬಂದಿದ್ದಾಳೆ.
ಏಳು ಗಡಿಯಾರ, ಒಂದು ಬೆಕ್ಕು, ಸಂಜೆಯ ದೋಣಿ.
ಅಷ್ಟೇ.

ಅವಳಿಗೆ ಓಡಲು ಬರುವುದಿಲ್ಲ. ದೋಣಿ ಹೊರಟರೂ
ದಿಬ್ಬಣದ ಹಿಂದೆ ಉಳಿದ ದೊಡ್ಡಮ್ಮನ ಹಾಗೆ ನಡೆಯುತ್ತಾಳೆ.
ಮಾತು ಒಂದೊಂದೇ ಅಕ್ಷರವಾಗಿ ಮೂಡುತ್ತದೆ,
ಒಂದೇ ಬೆರಳಲ್ಲಿ ಟೈಪು ಕಲಿತ ಗುಮಾಸ್ತ ಕೂತಂತೆ.
ಸ್ಕ್ರೂಡ್ರೈವರ್ ಮೇಜಿನ ಮೇಲೇ ಇದೆ, ನನಗೆ ಕಾಣುತ್ತದೆ.
ಅವಳಿಗೆ ಕಾಣಬೇಕಾದರೆ
ಮೊದಲು ಕಿಟಕಿಯನ್ನು ಮೂರು ಸಲ ಮುಟ್ಟಬೇಕಂತೆ!
ಯಾವ ಪುಣ್ಯಾತ್ಮ ಬರೆದನೋ.
ಮೆಕ್ಯಾನಿಕ್ಕು ನಾನು, ಇಪ್ಪತ್ತು ನಿಮಿಷ
ಒಂದು ಸ್ಕ್ರೂಡ್ರೈವರಿಗಾಗಿ ಬೆವರಿದೆ.

ಗಡಿಯಾರದ ಪೆಟ್ಟಿಗೆಯಲ್ಲಿ ಬೆಕ್ಕು ಮಲಗಿತ್ತು.
ಎಬ್ಬಿಸುವ ಗುಂಡಿ ಇತ್ತು. ನಾನು ಒತ್ತಲಿಲ್ಲ.
ಒತ್ತದವರಿಗೆಂದೇ ಒಂದು ಸಣ್ಣ ಸಂಗೀತ ಇಟ್ಟಿದ್ದರು.
ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡೆ.

ಕೊನೆಗೆ ಪಕ್ಕದಂಗಡಿಯ ಮುದುಕ ಕೇಳುತ್ತಾನೆ,
ನಿನ್ನ ಮಾವ ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದನೇ?
ಮೂರು ಉತ್ತರ: ಹೌದು. ಇಲ್ಲ. ಸುಮ್ಮನಿರು.
ನನಗೆ ಬೇಕಾದದ್ದು ‘ಕೂತುಕೊಳ್ಳಿ, ಚಾ ಕುಡಿಯುವ’.
ಅದಿರಲಿಲ್ಲ.
ಹೌದು ಒತ್ತಿದೆ. ಮುದುಕ ತಲೆಯಾಡಿಸಿದ.
ಇನ್ನೊಂದು ರಾತ್ರಿ ಮೊದಲಿನಿಂದ ಆಡಿ ಇಲ್ಲ ಒತ್ತಿದೆ.
ಅದೇ ತಲೆ, ಅದೇ ಆಡಿಸುವುದು.
ತಂತಿ ಇಲ್ಲ! ನನಗೇ?

ಆಗ ಫೋನು. ಗುದೈಬಿಯಾ, ಹಳೆಯ ಕಟ್ಟಡ,
ನಾಲ್ಕು ಮತ್ತು ಐದರ ನಡುವೆ ಒಬ್ಬರು ಅಜ್ಜಿ.
ಆಗಸ್ಟು. ಗಾಳಿ ಒದ್ದೆ ಗೋಣಿಯಾಗಿ ಮೈಗೆ ಸುತ್ತಿತ್ತು.
ಶಫಿಕುಲ್ ಮೇಲಿನ ಯಂತ್ರದ ಕೋಣೆಗೆ ಹತ್ತಿದ.
ನಾನು ಬಾಗಿಲ ಬುಡದಲ್ಲಿ ಕೂತೆ, ಬಾಯಲ್ಲಿ
ಈ ದೇಶದ ನಾಲ್ಕೇ ಮಾತು:
ಮಾಫಿ ಮುಶ್ಕಿಲ್. ಶ್ವಯ್ ಶ್ವಯ್.
ಖಮ್ಸ ದಕೀಕ. ಅನಾ ಮೌಜೂದ್.
ತೊಂದರೆಯಿಲ್ಲ, ನಿಧಾನ, ಐದು ನಿಮಿಷ, ನಾನಿದ್ದೇನೆ.

ಅವರು ಏನೋ ಕೇಳಿದರು. ಒಂದನ್ನು ಒತ್ತಿದೆ.
ಮತ್ತೆ ಕೇಳಿದರು. ಇನ್ನೊಂದು.
ಐದು ನಿಮಿಷ ನಾಲ್ಕು ಸಲ ಆಯಿತು.
ಆಮೇಲೆ ಕೇಳುವುದನ್ನು ಬಿಟ್ಟು ಹೇಳತೊಡಗಿದರು,
ಉದ್ದದ ಏನೋ. ನಡುವೆ ಒಂದು ಹೆಸರು, ಜಾಸಿಂ, ಜಾಸಿಂ,
ಒಂದು ನಗು, ಮೂಗು ಸೇದಿದ ಸದ್ದು,
ಬಹರ್. ಅದೊಂದು ಗೊತ್ತು: ಕಡಲು.
ಅನಾ ಮೌಜೂದ್ ಎಂದೆ. ಅಲ್ಲಿ ಹೇಳಬೇಕಾದ್ದು ಅದಲ್ಲ.
ಅಲ್ಲವೆಂದು ಅವರಿಗೂ ತಿಳಿದಿರಬೇಕು.
ಆದರೂ ಮುಂದುವರಿಸಿದರು.

ಬಾಗಿಲು ತೆರೆದಾಗ ಕತೆ ಅರ್ಧದಲ್ಲಿತ್ತು.
ಅಬಾಯಾ ಸರಿಮಾಡಿಕೊಂಡು, ಚೀಲದಿಂದ ಕಿತ್ತಳೆ ತೆಗೆದು
ನನ್ನ ಗ್ರೀಸಿನ ಕೈಗಿಟ್ಟು
ಉಳಿದದ್ದನ್ನು ಮೆಟ್ಟಿಲು ಹತ್ತಿ ಹೋದರು.
ಜಾಸಿಂ ಕಡಲಿನಿಂದ ಬಂದನೋ ಇಲ್ಲವೋ.
ಇಲ್ಲಿ ಮೊದಲಿನಿಂದ ಆಡುವಂತಿಲ್ಲ.

ಬೆಳಗಿನ ಜಾವ ಕೋಣೆಯಲ್ಲಿ ಮತ್ತೆ ಯಂತ್ರ ಹಚ್ಚಿದೆ.
ಮುದುಕ ಕೇಳಿದ. ಈ ಸಲ ಸುಮ್ಮನಿರು ಒತ್ತಿದೆ.
ತಲೆಯಾಡಿಸಿದ, ಹಾಗೇ.
ಆದರೆ ಒತ್ತುವ ಮೊದಲು ನನ್ನ ಹೆಬ್ಬೆರಳು
ಎಷ್ಟು ಹೊತ್ತು ಗಾಳಿಯಲ್ಲಿ ನಿಂತಿತ್ತೆಂದು
ಆ ಪುಣ್ಯಾತ್ಮನಿಗೆ ಗೊತ್ತಿದ್ದಿರಬಹುದು.

ಕಿತ್ತಳೆ ಹುಳಿ.
ವಲೇರಿಯನ್ನಿಗೆ ಮೆಸೇಜು ಹಾಕಿದೆ:
ಓಡುವ ಗುಂಡಿಯೇ ಇಲ್ಲ ಮಾರಾಯ, ಬರೇ ಮೋಸ.
ಇಂಥದ್ದೇ ಇನ್ನೊಂದಿದ್ದರೆ ಬರುವಾಗ ತಾ.